ರಾಕ್ ತಂಡದ ಮೊದಲ ಆಲ್ಬಂ: ಧ್ವನಿಮುದ್ರಕನ ಕುರ್ಚಿಯಿಂದ

ಕಾರವಾರದ ನನ್ನ ಪುಟ್ಟ ಸ್ಟುಡಿಯೋಗೆ ಬರುವವರಲ್ಲಿ ಹೆಚ್ಚಿನವರು ಭಕ್ತಿಗೀತೆ, ಭಾವಗೀತೆ ಹಾಡುವವರು, ಇಲ್ಲವೇ ಯಕ್ಷಗಾನ ಹಿಮ್ಮೇಳದವರು. ಈಚೆಗೆ ಕುಮಟಾ, ಶಿರಸಿ ಕಡೆಯ ಕಾಲೇಜು ಹುಡುಗರ ಆಲ್ಟರ್ನೇಟಿವ್ ರಾಕ್ ತಂಡಗಳೂ ತಮ್ಮ ಮೊದಲ ಆಲ್ಬಂ ಮಾಡಿಸಿಕೊಳ್ಳಲು ಬರತೊಡಗಿವೆ. ‘ಸರ್, ಒಂದು ಹಾಡಿಗೆ ಎಷ್ಟಾಗ್ತದೆ?’ ಎಂಬುದು ಅವರ ಮೊದಲ ಪ್ರಶ್ನೆ. ‘ನೀವು ನಾಲ್ಕೂ ಜನ ಒಟ್ಟಿಗೆ ನಿಂತು, ನಡುವೆ ನಿಲ್ಲಿಸದೆ, ಈ ಹಾಡನ್ನು ಎಷ್ಟು ಸಲ ನುಡಿಸಿದ್ದೀರಿ?’ ಎಂಬುದು ನನ್ನ ಮೊದಲ ಪ್ರಶ್ನೆ. ಅವರ ಪ್ರಶ್ನೆಗೆ ಉತ್ತರ ಇರುವುದು ನನ್ನ ಪ್ರಶ್ನೆಯಲ್ಲಿಯೇ.

ಅಮೆರಿಕದ ನಿರ್ವಾಣ ತಂಡದ ಮೊದಲ ಆಲ್ಬಂ ‘ಬ್ಲೀಚ್’ 1989ರ ಜೂನ್‌ನಲ್ಲಿ ಸಬ್ ಪಾಪ್ ಎಂಬ ಸಣ್ಣ ಕಂಪನಿಯಿಂದ ಬಂತು. ಸಿಯಾಟಲ್‌ನ ರೆಸಿಪ್ರೊಕಲ್ ಸ್ಟುಡಿಯೋದಲ್ಲಿ ಎಂಟು ಟ್ರ್ಯಾಕ್‌ಗಳ ಟೇಪ್ ಯಂತ್ರದ ಮೇಲೆ ಅದನ್ನು ಮುದ್ರಿಸಿದವರು ಜ್ಯಾಕ್ ಎಂಡಿನೊ. ಅವರು ಕೊಟ್ಟ ಬಿಲ್ಲು ಸುಮಾರು 30 ಗಂಟೆಗಳದ್ದು, ಮೊತ್ತ 606 ಡಾಲರ್ 17 ಸೆಂಟ್. ಅದನ್ನು ತೆತ್ತದ್ದು ಜೇಸನ್ ಎವರ್ಮನ್. ಒಂದು ಸ್ವರವನ್ನೂ ನುಡಿಸದಿದ್ದರೂ ಆಲ್ಬಂನಲ್ಲಿ ಗಿಟಾರ್ ವಾದಕನೆಂದು ಅವರ ಹೆಸರು ಬಿತ್ತು. ಅಷ್ಟು ಕಡಿಮೆ ಸಮಯದಲ್ಲಿ ಕೆಲಸ ಮುಗಿದದ್ದು ಯಂತ್ರದ ಮಹಿಮೆಯಿಂದಲ್ಲ, ಒಟ್ಟಿಗೆ ನುಡಿಸಿ ಪಳಗಿದ್ದರಿಂದ. 1988ರ ಜನವರಿಯಲ್ಲಿ ಇದೇ ಸ್ಟುಡಿಯೋದಲ್ಲಿ, ಡೇಲ್ ಕ್ರೋವರ್ ಡ್ರಮ್ಸ್ ನುಡಿಸಿದಾಗ, ತಂಡ ಒಂದೇ ಮಧ್ಯಾಹ್ನದಲ್ಲಿ ಹತ್ತು ಹಾಡುಗಳನ್ನು ಮುದ್ರಿಸಿತ್ತು. ಮುಂದೆ ಚಾಡ್ ಚಾನಿಂಗ್ ಡ್ರಮ್ಸ್‌ಗೆ ಬಂದ ಮೇಲೂ ಆ ಹತ್ತರಲ್ಲಿ ಎರಡು ಹಾಡುಗಳ ಹಳೆಯ ಮುದ್ರಣವನ್ನೇ ಆಲ್ಬಂಗೆ ತೆಗೆದುಕೊಂಡರು. ಹೊಸದಕ್ಕಿಂತ ಹಳೆಯದು ಚೆನ್ನಾಗಿದ್ದರೆ ಹಳೆಯದನ್ನೇ ಇಟ್ಟುಕೊಳ್ಳುವ ಧೈರ್ಯ ನಮ್ಮ ಹುಡುಗರಲ್ಲಿ ಕಡಿಮೆ.

ಈಗಿನವರು ಮೊದಲು ಕ್ಲಿಕ್ (ಗಡಿಯಾರದಂತೆ ಒಂದೇ ಸಮನೆ ಲಯ ತೋರಿಸುವ ಟಿಕ್‌ಟಿಕ್ ಸದ್ದು) ಹಾಕಿಸಿಕೊಂಡು ಡ್ರಮ್ಸ್ ಒಂದನ್ನೇ ಮುದ್ರಿಸಿ, ಮರುದಿನ ಅದರ ಮೇಲೆ ಬೇಸ್ ಗಿಟಾರ್, ಮೂರನೆಯ ದಿನ ಉಳಿದದ್ದು ಎಂದು ಗೋಡೆ ಕಟ್ಟುವಂತೆ ಕಟ್ಟುತ್ತಾರೆ. ಸಿನಿಮಾ ಸಂಗೀತಕ್ಕೆ ಇದು ಸರಿ. ಆದರೆ ಭಾಗವತರು ಪದ್ಯದ ಕೊನೆಗೆ ಉಸಿರೆಳೆದಾಗ ಮದ್ದಲೆಯವರು ಅರೆ ಕ್ಷಣ ಕಾಯುವುದನ್ನು, ಚಂಡೆ ಏರುವಾಗ ಇಡೀ ಹಿಮ್ಮೇಳವೇ ತುಸು ಮುಂದಕ್ಕೆ ಜಾರುವುದನ್ನು ನೋಡಿದವರಿಗೆ, ಗಡಿಯಾರದ ಲಯವೂ ಒಟ್ಟಿಗೆ ನುಡಿಸುವವರ ಲಯವೂ ಒಂದೇ ಅಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ರಾಕ್ ತಂಡದ್ದೂ ಹಿಮ್ಮೇಳದ ಸ್ವಭಾವವೇ. ಆದ್ದರಿಂದ ನಾನು ಡ್ರಮ್ಸ್, ಬೇಸ್ ಮತ್ತು ಒಂದು ಗಿಟಾರನ್ನು ಒಟ್ಟಿಗೆ ಮುದ್ರಿಸುತ್ತೇನೆ. ಗಿಟಾರ್ ಆಂಪ್ಲಿಫೈಯರನ್ನು ಪಕ್ಕದ ಕೋಣೆಯಲ್ಲಿಟ್ಟು, ನುಡಿಸುವವರನ್ನು ಮಾತ್ರ ಒಬ್ಬರಿಗೊಬ್ಬರು ಕಾಣುವಂತೆ ನಿಲ್ಲಿಸುತ್ತೇನೆ. ಹಾಡುವುದು ಆಮೇಲೆ.

ಇನ್ನು ಕೋಣೆ. ಈ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ನನ್ನ ಕೋಣೆಯ ಎದುರುಬದುರು ಚಿರೆಕಲ್ಲಿನ ಗೋಡೆಗಳ ನಡುವಿನ ಅಂತರ ನಾಲ್ಕು ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಗಳ ಅಂತರದ ಎರಡರಷ್ಟರಿಂದ, ಅಂದರೆ ಎಂಟರಿಂದ, ಭಾಗಿಸಿದರೆ ಸುಮಾರು 43 ಹರ್ಟ್ಜ್, ಅಂದರೆ ಸೆಕೆಂಡಿಗೆ 43 ಕಂಪನ, ಬರುತ್ತದೆ. ಆ ಕಂಪನ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಮೊದಲ ಫ್ರೆಟ್‌ನಲ್ಲಿ (ಅಡ್ಡಪಟ್ಟಿಯಲ್ಲಿ) ಸಿಗುವ ಎಫ್ ಸ್ವರವೂ ಹತ್ತಿರ ಹತ್ತಿರ ಅಷ್ಟೇ. ಹಾಗಾಗಿ ಆ ಒಂದು ಸ್ವರ ಗೋಡೆಯ ಬಳಿ ಗುಡುಗುತ್ತದೆ, ಕೋಣೆಯ ನಟ್ಟನಡುವೆ ಮಾಯವಾಗುತ್ತದೆ. ಮೊದಮೊದಲು ನಾನು ಮಿಕ್ಸಿಂಗ್ ಮಾಡುವ ಕುರ್ಚಿಯನ್ನು ಸರಿಯಾಗಿ ನಡುವಿನಲ್ಲಿಯೇ ಹಾಕಿಕೊಂಡಿದ್ದೆ. ಬೇಸ್ ಸಾಲದೆಂದು ಏರಿಸುತ್ತ ಹೋದೆ. ಆ ಹಾಡನ್ನು ಗೆಳೆಯರ ಕಾರಿನಲ್ಲಿ ಹಾಕಿದಾಗ ಬಾಗಿಲಿನ ಗಾಜು ಅದುರಿತು. ಈಗ ಕುರ್ಚಿಯನ್ನು ನಡುವಿನಿಂದ ಮುಂದಕ್ಕೆ ಸರಿಸಿದ್ದೇನೆ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸಾಕೆಂದು ಬಹಳ ಜನ ನಂಬಿದ್ದಾರೆ. ಅದು ಮೇಲಿನ ಸ್ವರಗಳ ಮಿನುಗನ್ನು ತುಸು ಚದುರಿಸುತ್ತದೆ, ಅಷ್ಟೆ. 43 ಹರ್ಟ್ಜ್‌ನ ಅಲೆಯ ಉದ್ದ ಎಂಟು ಮೀಟರ್. ಅದಕ್ಕೆ ಮೊಟ್ಟೆ ಟ್ರೇ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೋಣೆಯ ಮೂಲೆಗಳಲ್ಲಿ ದಪ್ಪ ಹತ್ತಿ ಹಾಸಿಗೆಗಳನ್ನು ಮಡಿಸಿ, ಗೋಡೆಯಿಂದ ಒಂದು ಗೇಣು ಬಿಟ್ಟು ನಿಲ್ಲಿಸುವುದು ನಮ್ಮ ಕಿಸೆಗೆ ಎಟುಕುವ ಉಪಾಯ. ಅದರಿಂದ ಕೆಳಸ್ವರಗಳ ಗುಂಯ್‌ಗುಡುವಿಕೆ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ. ಮಳೆಗಾಲ ಮುಗಿದೊಡನೆ ಅವನ್ನು ಬಿಸಿಲಿಗೆ ಹಾಕದಿದ್ದರೆ ಮಾತ್ರ ಬೂಸ್ಟಿನ ವಾಸನೆಗೆ ಗಾಯಕರೇ ಓಡಿಹೋಗುತ್ತಾರೆ.

ಡ್ರಮ್ಸ್‌ಗೆ ಎಂಟು ಹತ್ತು ಮೈಕ್ ಬೇಕೆಂದೇನೂ ಇಲ್ಲ, ನಾಲ್ಕು ಸಾಕು: ತಲೆಯ ಮೇಲೆ ಎರಡು, ಸ್ನೇರ್‌ಗೆ (ವಾದಕನ ಎದುರಿಗೇ ಇರುವ, ಚುರುಕು ಸದ್ದಿನ ಚಿಕ್ಕ ಡ್ರಮ್) ಒಂದು, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್‌ಗೆ ಒಂದು. ಸ್ನೇರ್‌ನ ನಡುವಿನಿಂದ ಮೇಲಿನ ಎರಡೂ ಮೈಕ್‌ಗಳಿಗೆ ಸುತಳಿ ದಾರ ಹಿಡಿದು ಸಮದೂರ ಅಳೆಯಬೇಕು. ಇಲ್ಲವಾದರೆ ಸ್ನೇರ್ ಒಂದು ಬದಿಗೆ ವಾಲಿದಂತೆ ಕೇಳಿಸುತ್ತದೆ. ಸ್ನೇರ್‌ನ ಮೈಕ್‌ಗಿಂತ ಮೇಲಿನ ಮೈಕ್ ಒಂದು ಮೀಟರ್ ದೂರವಿದ್ದರೆ ಪೆಟ್ಟು ಅಲ್ಲಿಗೆ ಸುಮಾರು ಮೂರು ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಎರಡನ್ನೂ ಕೂಡಿಸಿದಾಗ 170 ಹರ್ಟ್ಜ್ ಆಸುಪಾಸಿನ ಕಂಪನಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಸ್ನೇರ್‌ನ ಮೈ ತುಂಬಿಕೊಂಡಿರುವುದೇ ಆ ಭಾಗದಲ್ಲಿ. ‘ಡ್ರಮ್ಸ್ ಡಬ್ಬಾ ಬಡಿದ ಹಾಗೆ ಕೇಳ್ತದೆ’ ಎಂಬ ದೂರಿಗೆ ಕಾರಣ ಬಹುಪಾಲು ಇಷ್ಟೇ, ಅಗ್ಗದ ಮೈಕ್ ಅಲ್ಲ. ಒಂದು ಮೈಕಿನ ಪೊಲಾರಿಟಿಯನ್ನು ತಿರುಗಿಸಿ (ಅಂದರೆ ಅದರ ಅಲೆಯ ಏರು-ಇಳಿತಗಳನ್ನು ಅದಲುಬದಲು ಮಾಡಿ) ಎರಡು ರೀತಿಯಲ್ಲಿಯೂ ಕೇಳಿ, ತುಂಬಿ ಬರುವುದನ್ನು ಇಟ್ಟುಕೊಳ್ಳಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಆಲ್ಬಂ ಕೆಲಸ ಇಟ್ಟುಕೊಳ್ಳಬೇಡಿರೆಂದೇ ನನ್ನ ಸಲಹೆ. ತಗಡಿನ ಮಾಡಿನ ಮೇಲಿನ ಮಳೆಯ ಸದ್ದು, ಹೋಗಿಬಂದು ಮಾಡುವ ಕರೆಂಟು ಇವು ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣದ್ದು ತೇವ. ಅಕೂಸ್ಟಿಕ್ ಗಿಟಾರಿನ ಮರ ನೀರು ಹೀರಿ ಉಬ್ಬುತ್ತದೆ. ಬೆಳಿಗ್ಗೆ ಕೂಡಿಸಿದ ಶ್ರುತಿ ಸಂಜೆಗೆ ಇರುವುದಿಲ್ಲ. ಕಂಡೆನ್ಸರ್ ಮೈಕಿನ ಒಳಗೆ ತೇವ ಸೇರಿದರೆ ಚಟಪಟ ಸದ್ದು ಬರುತ್ತದೆ. ನನ್ನ ಮೈಕ್‌ಗಳು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿರುತ್ತವೆ; ಮೊದಲು ಅದರಲ್ಲಿ ಚಕ್ಕುಲಿ ಇರುತ್ತಿತ್ತು. ಚಂಡೆಯ ಚರ್ಮ ಸಡಿಲಾಗುವ ದಿನಗಳಲ್ಲಿಯೂ ಪ್ಲಾಸ್ಟಿಕ್ ಹೊದಿಕೆಯ ಡ್ರಮ್ಸ್ ಮಾತ್ರ ಏನೂ ಆಗದಂತೆ ಇರುತ್ತವೆ. ಯಾವುದೋ ಹಾಡಿಗೆ ಚಂಡೆ ಸೇರಿಸುವ ಯೋಚನೆ ಇರುವ ತಂಡ ಇದನ್ನು ಮರೆಯಬಾರದು.

ಕೊನೆಯ ಹಂತವಾದ ಮಾಸ್ಟರಿಂಗ್‌ನಲ್ಲಿ ಎಲ್ಲರದ್ದೂ ಒಂದೇ ಬೇಡಿಕೆ: ಜೋರು ಮಾಡಿ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನೆಲ್ಲ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಕಿವಿಗೆ ಎಷ್ಟು ಜೋರಾಗಿ ಕೇಳಿಸುತ್ತದೆಂಬುದರ ಅಳತೆ) ಮಟ್ಟಕ್ಕೆ ತಂದು ಕೇಳಿಸುವುದರಿಂದ, ಅತಿಯಾಗಿ ಒತ್ತಿ ಜೋರು ಮಾಡಿದ ಹಾಡು ಅಲ್ಲಿ ತಾನಾಗಿಯೇ ತಗ್ಗುತ್ತದೆ. ಹಾಗೆ ತಗ್ಗಿದ ಮೇಲೆ ಉಳಿಯುವುದು ಏರಿಳಿತವಿಲ್ಲದ ಚಪ್ಪಟೆ ಹಾಡು. ಮೆಲ್ಲನೆಯ ಚರಣದಿಂದ ಅಬ್ಬರದ ಪಲ್ಲವಿಗೆ ನೆಗೆಯುವುದರಲ್ಲಿಯೇ ಈ ಬಗೆಯ ಸಂಗೀತದ ಜೀವವಿರುವುದರಿಂದ ನಷ್ಟ ರಾಕ್ ತಂಡಗಳಿಗೇ ಹೆಚ್ಚು. ಕಳೆದ ಬಾರಿ ಬಂದ ತಂಡಕ್ಕೆ ಎರಡು ಪ್ರತಿ ಮಾಡಿ ಕೇಳಿಸಿದೆ. ಅವರು ಜೋರಾದದ್ದನ್ನೇ ಆರಿಸಿಕೊಂಡರು. ಹಾಡು ಅವರದ್ದು, ಕೊಟ್ಟು ಕಳಿಸಿದೆ. ಇನ್ನೊಂದು ಪ್ರತಿಯನ್ನು ಅಳಿಸಿಲ್ಲ.