ಹಳೆಯ ಮನೆಯನ್ನು ಸ್ಮಾರಕವೆಂದು ಘೋಷಿಸಿದರೆ ಉಳಿಯುತ್ತದೆಯೇ?

ಪ್ರಶ್ನೆ: ಉಡುಪಿ ಜಿಲ್ಲೆಯ ಸಣ್ಣ ಪೇಟೆಯೊಂದರಲ್ಲಿ ನಮ್ಮ ವಾಸ. ಇಲ್ಲಿನ ಪೇಟೆಬೀದಿಯ ಹಂಚಿನ ಮಾಳಿಗೆ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಉಳಿದವನ್ನಾದರೂ ಸರ್ಕಾರ ಸಂರಕ್ಷಿತ ಸ್ಮಾರಕಗಳೆಂದು ಘೋಷಿಸಬೇಕಾದರೆ ನಾವು ಯಾರಿಗೆ ಅರ್ಜಿ ಕೊಡಬೇಕು?

ಉತ್ತರ: ಅರ್ಜಿ ಕೊಡಲು ಎರಡು ಬಾಗಿಲುಗಳಿವೆ. ಒಂದು, 1958ರ ಕೇಂದ್ರ ಕಾಯ್ದೆಯಂತೆ ಕೆಲಸ ಮಾಡುವ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ; ಇನ್ನೊಂದು, 1961ರ ರಾಜ್ಯ ಕಾಯ್ದೆಯನ್ನು ಜಾರಿಗೊಳಿಸುವ, ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ರಾಜ್ಯ ಪುರಾತತ್ವ ಇಲಾಖೆ. ಆದರೆ ಪೇಟೆಬೀದಿಯ ವಾಸದ ಮನೆಗಳ ಮಟ್ಟಿಗೆ ಈ ಎರಡೂ ಬಾಗಿಲುಗಳು ತೆರೆಯುವ ಸಾಧ್ಯತೆ ಬಹಳ ಕಡಿಮೆ, ಮತ್ತು ತೆರೆದರೂ ನಿಮ್ಮ ಉದ್ದೇಶ ಈಡೇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೇಂದ್ರದ ಪಟ್ಟಿಗೆ ಸೇರಲು ಕಟ್ಟಡಕ್ಕೆ ಕನಿಷ್ಠ ನೂರು ವರ್ಷವಾಗಿರಬೇಕು, ಜೊತೆಗೆ ಅದಕ್ಕೆ ರಾಷ್ಟ್ರೀಯ ಮಹತ್ವವೂ ಇರಬೇಕು. ಕಾರ್ಕಳದ ಗೊಮ್ಮಟ, ಮಂಗಳೂರಿನ ಸುಲ್ತಾನ್ ಬತ್ತೇರಿಗಳಂಥವು ಆ ಪಟ್ಟಿಯಲ್ಲಿವೆ. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ್ದೇ 1865ರಲ್ಲಿ. ಆ ಬಗೆಯ ಹಂಚು ಹೊದ್ದ ನಮ್ಮ ಪೇಟೆಮನೆಗಳಲ್ಲಿ ಹಲವು ನೂರರ ಆಚೀಚೆ ಇರುವಂಥವು, ಮತ್ತು ಅವುಗಳ ವಯಸ್ಸನ್ನು ದಾಖಲೆಯಿಂದ ತೋರಿಸುವುದು ಕಷ್ಟ. ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ವ್ಯಾಪ್ತಿಯಲ್ಲಿ ಹೊಸ ನಿರ್ಮಾಣಕ್ಕೆ ನಿಷೇಧವಿದ್ದು, ಅದರಾಚೆಯ 200 ಮೀಟರ್‌ಗಳಲ್ಲಿ ಕಟ್ಟಲು ಅನುಮತಿ ಪಡೆಯಬೇಕಾಗುತ್ತದೆ. ಸಣ್ಣ ಪೇಟೆಯಲ್ಲಿ ಆ ಅಳತೆಯೊಳಗೆ ಅರ್ಧ ಊರೇ ಬಂದುಬಿಡುತ್ತದೆ. ಘೋಷಣೆಗೆ ಮುನ್ನ ಆಕ್ಷೇಪಣೆ ಸಲ್ಲಿಸಲು ಕೊಡುವ ಎರಡು ತಿಂಗಳ ಅವಧಿಯಲ್ಲಿ ಮೊದಲ ಆಕ್ಷೇಪಣೆ ಪಕ್ಕದ ಮನೆಯವರಿಂದಲೇ ಬಂದರೆ ಅಚ್ಚರಿಪಡಬೇಕಾಗಿಲ್ಲ. ನಿಮಗೆ ಬೇಕಾಗಿರುವುದು ಬೇಲಿಯೊಳಗಿನ ಸ್ಮಾರಕವಲ್ಲ, ಜನ ವಾಸಿಸುವ, ವ್ಯಾಪಾರ ನಡೆಯುವ ಬೀದಿ. ಅದನ್ನು ಉಳಿಸುವ ಅಥವಾ ಕೆಡಹುವ ನಿರ್ಧಾರ ಮಾಲೀಕರ ಕೈಯಲ್ಲಿದೆ.

ಮಾಲೀಕರು ಏಕೆ ಕೆಡಹುತ್ತಾರೆ ಎಂದು ಕೇಳಿದರೆ ಸಿಗುವ ಉತ್ತರಗಳು ಹೆಚ್ಚುಕಡಿಮೆ ಒಂದೇ ಬಗೆಯವು. ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನದ ಕುಟುಂಬಗಳಲ್ಲಾಗಲಿ ಇತರರಲ್ಲಾಗಲಿ ಮನೆ ಹಲವರ ಹೆಸರಿನಲ್ಲಿರುತ್ತದೆ. ಅವರಲ್ಲಿ ಕೆಲವರು ಮುಂಬಯಿಯಲ್ಲಿ, ಕೆಲವರು ಗಲ್ಫ್‌ನಲ್ಲಿ. ರಿಪೇರಿಗೆ ಹಣ ಹಾಕುವವರು ಒಬ್ಬರು, ಪಾಲು ಕೇಳುವವರು ಹತ್ತು ಮಂದಿ. ಮರದ ವ್ಯಾಪಾರಿ ಬಂದು ಕಂಬ, ಬಾಗಿಲು, ಮುಚ್ಚಿಗೆ (ಮರದ ಒಳಚಾವಣಿ)ಗಳಿಗೆ ನಗದು ಬೆಲೆ ಹೇಳಿದ ದಿನ ಎಲ್ಲರ ಮನಸ್ಸೂ ಒಂದಾಗುತ್ತದೆ. ಹಾಗಾಗಿ ಸಂರಕ್ಷಣೆಯ ಪ್ರಯತ್ನ ಸಭೆ, ಮನವಿಗಳಿಂದಲ್ಲ, ಮಾಲೀಕರ ಮೇಲಿರುವ ಹೊರೆಯನ್ನು ಕಡಿಮೆ ಮಾಡುವುದರಿಂದ ಆರಂಭವಾಗಬೇಕು.

ಆ ಹೊರೆಯಲ್ಲಿ ಮುಖ್ಯವಾದದ್ದು ಮಾಡು, ಅಂದರೆ ಮನೆಯ ಚಾವಣಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಿ ನಾಲ್ಕು ಹಂಚು ಒಡೆದು ಹೋದರೆ ಮೊದಲು ಹಂಚು ಕೂರುವ ರೀಪು, ಆಮೇಲೆ ಅದನ್ನು ಹೊರುವ ಪಕ್ಕಾಸು, ಕೊನೆಗೆ ಗೋಡೆಯ ತಲೆ ಎಂಬ ಕ್ರಮದಲ್ಲಿ ಮನೆ ಕೆಡುತ್ತದೆ. ಒದ್ದೆ ಮರವನ್ನು ಹುಡುಕಿಕೊಂಡು ಗೆದ್ದಲೂ ಬರುತ್ತದೆ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ಹಂಚು ಇಳಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸುವ ಕೆಲಸ ತಪ್ಪದೆ ನಡೆದರೆ ಮನೆಯ ಆಯುಷ್ಯ ತಲೆಮಾರುಗಳಷ್ಟು ಹೆಚ್ಚುತ್ತದೆ. ಆದರೆ ಈ ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ, ಒಂದು ಮನೆಗೆಂದು ಕರೆದರೆ ಬರುವುದೂ ಇಲ್ಲ. ಬೀದಿಯ ಹತ್ತು ಮನೆಯವರು ಸೇರಿ ಏಪ್ರಿಲ್, ಮೇ ತಿಂಗಳಿಗೆ ಒಂದೇ ತಂಡವನ್ನು ಗೊತ್ತುಮಾಡಿ, ಕೆಡವಿದ ಮನೆಗಳ ಹಳೆಯ ಹಂಚನ್ನು ಒಂದೆಡೆ ಸಂಗ್ರಹಿಸಿಟ್ಟುಕೊಂಡರೆ ಖರ್ಚೂ ಅಲೆದಾಟವೂ ಕಡಿಮೆಯಾಗುತ್ತವೆ. ಹಣವಿಲ್ಲದವರು ಹಂಚಿನ ಮೇಲೆ ತಗಡಿನ ಶೀಟು ಹಾಕಿಸುವುದನ್ನು ಕಂಡು ಮೂಗು ಮುರಿಯುವವರಿದ್ದಾರೆ. ಅದು ಚೆಂದವಲ್ಲ, ನಿಜ. ಆದರೆ ಶೀಟನ್ನು ನಾಳೆ ತೆಗೆಯಬಹುದು, ಕುಸಿದ ಮನೆಯನ್ನು ಎತ್ತಿ ನಿಲ್ಲಿಸಲಾಗದು.

ಗೋಡೆಯ ವಿಷಯದಲ್ಲಿ ಒಳ್ಳೆಯ ಉದ್ದೇಶದಿಂದಲೇ ಹಾನಿಯಾಗುತ್ತಿದೆ. ಮುರಕಲ್ಲು (ಜಂಬಿಟ್ಟಿಗೆ) ತೇವವನ್ನು ಹೀರಿ ಮತ್ತೆ ಬಿಟ್ಟುಕೊಡುವ ಕಲ್ಲು. ಸುಣ್ಣದ ಗಾರೆ ಅದಕ್ಕೆ ಎಡೆಮಾಡಿಕೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದಾಗ ಬುಡದಿಂದ ಏರಿದ ತೇವ ಹೊರಹೋಗಲಾರದೆ ಒಳಗೇ ನಿಂತು, ಅದರಲ್ಲಿನ ಲವಣ ಹರಳುಗಟ್ಟಿ, ಕೆಲವು ವರ್ಷಗಳಲ್ಲಿ ಗಾರೆಯ ಜೊತೆ ಕಲ್ಲಿನ ಮೈಯೂ ಉದುರುತ್ತದೆ, ಗೋಡೆಯೊಳಗೆ ಹುದುಗಿದ ತೊಲೆಗಳ ತುದಿ ಕೊಳೆಯುತ್ತದೆ. ಆಗ ಕರೆಸಿದ ಎಂಜಿನಿಯರ್‌ ಕಾಂಕ್ರೀಟನ್ನಷ್ಟೇ ಬಲ್ಲವರಾಗಿದ್ದರೆ, ಕಟ್ಟಡ ಶಿಥಿಲವಾಗಿದೆ ಎಂದು ಬರೆದುಕೊಡುತ್ತಾರೆ. ಮರುವಾಯಿ ಎಂಬ ಕಪ್ಪೆಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದ ನಾಡು ನಮ್ಮದು. ಸುಣ್ಣದ ಕೆಲಸ ಬಲ್ಲ ಒಬ್ಬ ಮೇಸ್ತ್ರಿಯ ಪರಿಚಯವನ್ನು ಮಾಲೀಕರಿಗೆ ಮಾಡಿಕೊಡುವುದು ಹತ್ತು ಭಾಷಣಕ್ಕಿಂತ ಉಪಯುಕ್ತ.

ಇದೇ ಮಾತು ಗುತ್ತಿನ ಮನೆಗಳಿಗೂ, ಅಂದರೆ ಹಳೆಯ ಭೂಮಾಲೀಕ ಮನೆತನಗಳ ಮನೆಗಳಿಗೂ ಅನ್ವಯಿಸುತ್ತದೆ. ದೈವದ ಚಾವಡಿಯಿರುವ ಮನೆಗಳು ಉಳಿದದ್ದಕ್ಕೆ ಮುಖ್ಯ ಕಾರಣ, ತಂಬಿಲ, ನೇಮಗಳೆಂಬ ದೈವಾರಾಧನೆಯ ನೆಪದಲ್ಲಿ ಕುಟುಂಬ ಅಲ್ಲಿ ಕೂಡಲೇಬೇಕಾಗಿರುವುದು. ಈಗ ಜೀರ್ಣೋದ್ಧಾರದ ಹೆಸರಿನಲ್ಲಿ ಆ ಚಾವಡಿಗಳನ್ನೇ ಬಿಚ್ಚಿ ಕಾಂಕ್ರೀಟು, ಗ್ರಾನೈಟಿನಲ್ಲಿ ಕಟ್ಟುವುದು ಹೆಚ್ಚಾಗಿದೆ. ನಿರ್ಲಕ್ಷ್ಯಕ್ಕಿಂತ ಭಕ್ತಿಯಿಂದ ಆಗುವ ನಾಶವನ್ನು ತಡೆಯುವುದು ಕಷ್ಟ, ಏಕೆಂದರೆ ಇಲ್ಲಿ ಹಣವೂ ಇದೆ, ಉತ್ಸಾಹವೂ ಇದೆ. ಸಮಿತಿ ರಚನೆಯಾದ ಕೂಡಲೇ, ಅಂದಾಜುಪಟ್ಟಿ ಸಿದ್ಧವಾಗುವ ಮೊದಲೇ ಹೋಗಿ, ಕೆತ್ತನೆಯ ಕಂಬ, ಮುಚ್ಚಿಗೆಗಳನ್ನು ಇದ್ದಲ್ಲೇ ಉಳಿಸುವ ನಕ್ಷೆಯೊಂದನ್ನು ಮುಂದಿಡಬೇಕು. ಮಣಿಪಾಲದಲ್ಲಿ ವಾಸ್ತುಶಿಲ್ಪ ಕಾಲೇಜು ಇದೆ; ಹಳೆಯ ಮನೆಯನ್ನು ಅಳೆದು ನಕ್ಷೆ ತಯಾರಿಸುವ ಕೆಲಸ ವಿದ್ಯಾರ್ಥಿಗಳ ಕಲಿಕೆಗೂ ಒದಗುವಂಥದ್ದಾದ್ದರಿಂದ ಅಲ್ಲಿ ಕೇಳಿ ನೋಡಬಹುದು.

ಬಳಕೆಯಿಲ್ಲದ ಕಟ್ಟಡ ಯಾವ ರಿಪೇರಿಯಿಂದಲೂ ಬಹುಕಾಲ ನಿಲ್ಲದು. ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯ ಮೊದಲು ಖಾಸಗಿ ಬಂಗಲೆಯಾಗಿತ್ತು, 1960ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಉಡುಪಿಯಲ್ಲಿ 1906ರಲ್ಲಿ ಬ್ಯಾಂಕ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆ ನಾಣ್ಯ ಸಂಗ್ರಹಾಲಯವಾಯಿತು. ಮಂಗಳೂರಿನ ಕೊಡಿಯಾಲಗುತ್ತು ಮನೆಯಲ್ಲಿ ಕಲಾಪ್ರದರ್ಶನಗಳು ನಡೆಯುತ್ತವೆ. ಆದರೆ ಒಂದು ಪೇಟೆಗೆ ಎಷ್ಟು ಸಂಗ್ರಹಾಲಯ ಬೇಕು? ಕೆಳಗೆ ಅಂಗಡಿ, ಮೇಲೆ ವಕೀಲರ ಕಚೇರಿ ಅಥವಾ ಹೊಲಿಗೆ ತರಗತಿ ಎಂಬಂಥ ಸಾಮಾನ್ಯ ಬಾಡಿಗೆಯೇ ಹೆಚ್ಚು ಮನೆಗಳನ್ನು ಕಾಯಬಲ್ಲದು. ವಿಜಯನಾಥ ಶೆಣೈಯವರು ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮಾಡಿದಂತೆ ಮನೆಯನ್ನು ಬಿಚ್ಚಿ ಬೇರೆಡೆ ಜೋಡಿಸುವುದು ಅಸಾಧಾರಣ ಸಾಹಸ. ಆದರೆ ಅದರಿಂದ ಮನೆ ಉಳಿಯುತ್ತದೆ, ಬೀದಿ ಉಳಿಯುವುದಿಲ್ಲ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅತ್ತ ಯೋಚಿಸಬೇಕು.

ಸ್ಥಳೀಯ ನಿಯಮಗಳ ವಿಷಯಕ್ಕೆ ಬಂದರೆ, ಮುಂಬಯಿಯಲ್ಲಿ 1995ರಲ್ಲಿ ಜಾರಿಗೆ ಬಂದ ಪರಂಪರೆ ನಿಯಮಗಳು ಕಟ್ಟಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ಕೆಳದರ್ಜೆಯವುಗಳಲ್ಲಿ ಬದಲಾವಣೆಗೆ ಹೆಚ್ಚು ಅವಕಾಶ ಕೊಟ್ಟವು. ಈ ವಿಂಗಡಣೆ ನಮ್ಮ ಪೇಟೆಗಳಿಗೂ ಹೊಂದುತ್ತದೆ: ಹೊರಮುಖ, ಜಗಲಿ, ಮಾಡಿನ ಇಳಿಜಾರು ಹಾಗೇ ಇರಲಿ, ಒಳಗೆ ಸ್ನಾನಗೃಹವೋ ಲಿಫ್ಟೋ ಬರಲಿ ಎಂದರೆ ಮಾಲೀಕರು ಒಪ್ಪುತ್ತಾರೆ. ಟಿಡಿಆರ್, ಅಂದರೆ ಇಲ್ಲಿ ಬಳಸದ ಕಟ್ಟಡದ ಹಕ್ಕನ್ನು ಬೇರೆಡೆಗೆ ಮಾರುವ ಅವಕಾಶ, ಕೊಡಿಸುವ ಮಾತು ಮಾತ್ರ ಸಣ್ಣ ಊರಿನಲ್ಲಿ ಹೆಚ್ಚು ಫಲ ಕೊಡಲಾರದು, ಏಕೆಂದರೆ ಹೆಚ್ಚುವರಿ ಮಹಡಿಯ ಹಕ್ಕನ್ನು ಕೊಳ್ಳುವ ಬಿಲ್ಡರುಗಳು ಅಲ್ಲಿ ಸಿಗುವುದು ಅಪರೂಪ. ಯೋಜನಾ ಪ್ರಾಧಿಕಾರ ಊರಿನ ಮಹಾಯೋಜನೆಯನ್ನು (ಮಾಸ್ಟರ್ ಪ್ಲಾನ್) ಪರಿಷ್ಕರಿಸಲು ಆಕ್ಷೇಪಣೆ, ಸಲಹೆ ಆಹ್ವಾನಿಸುವಾಗ ಫೋಟೋ, ಸರ್ವೆ ನಂಬರ್ ಸಹಿತ ನಿಮ್ಮ ಬೀದಿಯ ಪಟ್ಟಿಯನ್ನು ಲಿಖಿತವಾಗಿ ಸಲ್ಲಿಸುವುದು ಅದಕ್ಕಿಂತ ಮುಖ್ಯ. ರಸ್ತೆ ವಿಸ್ತರಣೆಯ ಗೆರೆ ಎಲ್ಲಿ ಬೀಳಬೇಕು ಎಂಬುದು ಆ ನಕ್ಷೆಯಲ್ಲೇ ನಿರ್ಧಾರವಾಗುತ್ತದೆ.

ಮೊದಲು ಯಾವ ಕಟ್ಟಡವನ್ನು ಕೈಗೆತ್ತಿಕೊಳ್ಳಬೇಕೆಂದರೆ, ಖಾಸಗಿ ಮನೆಗಿಂತ ಮುಂಚೆ ಊರಿನ ಹಳೆಯ ಶಾಲೆ, ತಾಲೂಕು ಕಚೇರಿ ಅಥವಾ ಪ್ರವಾಸಿ ಬಂಗಲೆಯನ್ನು ನೋಡಿ. ಅಲ್ಲಿ ಪಾಲುದಾರರ ಜಗಳವಿಲ್ಲ. ಕೆಡಹುವ ಸುದ್ದಿ ಬಂದ ಕೂಡಲೇ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಟ್ಟಡದ ದೃಢತೆಯ ವರದಿಯ ಪ್ರತಿಯನ್ನೂ, ದುರಸ್ತಿಗೆ ಅಂದಾಜುಪಟ್ಟಿ ತಯಾರಿಸಿದ್ದರೆ ಅದನ್ನೂ ಕೇಳಿ. ದುರಸ್ತಿಯ ಅಂದಾಜೇ ಇಲ್ಲವೆಂಬ ಉತ್ತರ ಬಂದರೆ, ಹೊಸ ಕಟ್ಟಡದ ಟೆಂಡರು ಆಗುವ ಮೊದಲು ಅದನ್ನು ತಯಾರಿಸುವಂತೆ ಜಿಲ್ಲಾಧಿಕಾರಿಯವರಿಗೆ ಮನವಿ ಸಲ್ಲಿಸಿ, ಪ್ರತಿಯೊಂದನ್ನು ಶಾಸಕರಿಗೂ ಕೊಡಿ.