ಯಾರೂ ಹಾಕದ ಪಿ ಟ್ಯಾಗ್ ಪೇಜಿಗೆ ಬಂದಿದ್ದು ಹೇಗೆ?

ವೆಬ್‌ಸೈಟ್ ನಡೆಸೋ ಸಾಫ್ಟ್‌ವೇರ್ ವರ್ಡ್‌ಪ್ರೆಸ್, ಅದರ ಸೈಟ್ ನೋಡ್ಕೊಳ್ಳೋರ ಹಳೇ ಗೋಳು ಇದು. ಬರೆದಿರೋದು ಎರಡೇ ಲೈನು, ಪೇಜಲ್ಲಿ ನೋಡಿದ್ರೆ ಮಧ್ಯೆ ದೊಡ್ಡ ಗ್ಯಾಪು. ಒಬ್ರು ಥೀಮ್ ಸರಿ ಇಲ್ಲ ಅಂತಾರೆ, ಇನ್ನೊಬ್ರು ಪ್ಲಗಿನ್ ಅಂತಾರೆ, ಪೇಜಿನ ಅಂದ ಚೆಂದ ಹೇಳೋ ಸಿಎಸ್‌ಎಸ್ ಕೋಡ್‌ನಲ್ಲಿ ಮಾರ್ಜಿನ್ ಸೊನ್ನೆ ಮಾಡಿ ಕೈ ತೊಳ್ಕೊಳ್ಳೋರೂ ಇದಾರೆ.

ವೆಬ್ ಪೇಜ್ ಬರೆಯೋ ಎಚ್‌ಟಿಎಂಎಲ್‌ನಲ್ಲಿ ಎಂಟರ್ ಹೊಡೆದ್ರೆ ಬ್ರೌಸರ್‌ಗೆ ಅದೊಂದು ಸ್ಪೇಸ್ ಅಷ್ಟೇ. ಪ್ಯಾರಾ ಬೇಕಂದ್ರೆ ಮಾತಿನ ಮುಂದೆ ತೆರೆಯೋ ಪಿ ಟ್ಯಾಗ್, ಹಿಂದೆ ಮುಚ್ಚೋ ಪಿ ಟ್ಯಾಗ್ ಹಾಕ್ಬೇಕು, ಆಗ ಬ್ರೌಸರ್ ಮೇಲೆ ಕೆಳಗೆ ಗ್ಯಾಪ್ ಬಿಡತ್ತೆ; ಬರೀ ಲೈನ್ ಮುರೀಬೇಕಂದ್ರೆ ಬಿಆರ್ ಟ್ಯಾಗ್. ಟ್ಯಾಗ್ ಗೊತ್ತಿಲ್ಲದೋರೂ ವೆಬ್‌ನಲ್ಲಿ ಬರೆಯೋಕೆ ಶುರು ಮಾಡಿದ್ಮೇಲೆ ಈ ಟ್ಯಾಗ್ ಹಾಕೋ ಕೆಲ್ಸ ಸರ್ವರ್ ಕೋಡ್ ತಲೆ ಮೇಲೆ ಬಿತ್ತು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರೋ ಭಾಷೆ) ಹೊರಗೆ ಬಿಟ್ರು, ಆಮೇಲೆ ಲೈನ್ ಮುರಿದಲ್ಲೆಲ್ಲ ಬಿಆರ್ ಹಾಕೋ ಫಂಕ್ಷನ್ ಬಂತು.

2003ರಲ್ಲಿ ಬಂದ ವರ್ಡ್‌ಪ್ರೆಸ್‌ನಲ್ಲಿ ಈ ಕೆಲ್ಸ ಮಾಡೋದು ಡಬ್ಲ್ಯೂಪಿಆಟೋಪಿ ಅನ್ನೋ ಫಂಕ್ಷನ್, ಚಿಕ್ಕದಾಗಿ ಆಟೋಪಿ. ಹಳೇ ಎಡಿಟರ್‌ನಲ್ಲಿ ಬರೆದ ಪೋಸ್ಟನ್ನ ಡೇಟಾಬೇಸ್‌ನಲ್ಲಿ ತೆಗೆದು ನೋಡಿ, ಪಿ ಇರಲ್ಲ, ಪೇಜ್ ತೋರಿಸೋ ಹೊತ್ತಿಗೆ ಸೇರತ್ತೆ. 2008ರಲ್ಲಿ ವರ್ಡ್‌ಪ್ರೆಸ್ 2.5 ಜೊತೆ ಶಾರ್ಟ್‌ಕೋಡ್ ಬಂತು, ಅಂದ್ರೆ ಚೌಕ ಬ್ರಾಕೆಟ್‌ನಲ್ಲಿ ಒಂದು ಹೆಸರು ಬರೆದ್ರೆ ಆ ಜಾಗಕ್ಕೆ ಫಾರ್ಮೋ ಬಾಕ್ಸೋ ತಂದು ಕೂರಿಸೋದು, ನಿಜವಾದ ಗಂಟು ಬಿದ್ದಿದ್ದು ಅಲ್ಲಿ. ಪ್ರಯಾರಿಟಿ ನಂಬರ್ ಚಿಕ್ಕದಿದ್ದಷ್ಟೂ ಮೊದಲು ಓಡತ್ತೆ; ಆಟೋಪಿ ಓಡೋದು 10ನೇ ಪ್ರಯಾರಿಟಿಯಲ್ಲಿ, ಶಾರ್ಟ್‌ಕೋಡ್ ಬಿಚ್ಚೋದು 11ರಲ್ಲಿ, ಅಂದ್ರೆ ಒಳಗೆ ಏನಿದೆ ಅಂತ ಗೊತ್ತಾಗೋ ಮುಂಚೇನೇ ಪಿ ಸುತ್ತಿ ಆಗಿರತ್ತೆ. ಬಾಕ್ಸ್ ಅಂತ ಒಂದು ಶಾರ್ಟ್‌ಕೋಡ್ ತೆರೆದು, ಒಂದು ಲೈನ್ ಬಿಟ್ಟು ನಾಲ್ಕು ಮಾತು ಬರೆದು, ಮತ್ತೊಂದು ಲೈನ್ ಬಿಟ್ಟು ಮುಚ್ಚಿದೀರಾ ಅಂದ್ಕೊಳ್ಳಿ. ಆಟೋಪಿ ಮೂರಕ್ಕೂ ಬೇರೆಬೇರೆ ಪಿ ಸುತ್ತತ್ತೆ. ಹೊರಗಿನ ಪಿ ತೆಗೆಯೋಕೆ ಅಂತಾನೇ ಇನ್ನೊಂದು ಫಂಕ್ಷನ್ ಇದೆ, ಅದು ಮೊದಲ ತೆರೆಯೋ ಪಿ, ಕೊನೇ ಮುಚ್ಚೋ ಪಿ ಎರಡನ್ನೂ ಕಿತ್ತು ಹಾಕತ್ತೆ, ಆಗ ಬಾಕ್ಸ್ ಒಳಗೆ ಮೊದಲಿಗೇ ಒಂದು ಮುಚ್ಚೋ ಪಿ, ಕೊನೇಲಿ ಒಂದು ತೆರೆಯೋ ಪಿ ಅನಾಥವಾಗಿ ಉಳ್ಕೊಳತ್ತೆ.

ಇಲ್ಲೇ ತುಂಬ ಜನ ದಾರಿ ತಪ್ಪೋದು. ಬ್ರೌಸರ್‌ನ ಇನ್‌ಸ್ಪೆಕ್ಟ್‌ನಲ್ಲಿ ನೋಡಿದ್ರೆ ನೀಟಾಗಿ ಖಾಲಿ ಪಿ ಜೋಡಿ ಕಾಣತ್ತೆ, ಯಾಕಂದ್ರೆ ಒಂಟಿ ಮುಚ್ಚೋ ಪಿ ಸಿಕ್ಕಿದ್ರೆ ಬ್ರೌಸರ್ ತಾನೇ ಅದಕ್ಕೊಂದು ತೆರೆಯೋ ಪಿ ಹುಟ್ಟಿಸತ್ತೆ, ಸ್ಟ್ಯಾಂಡರ್ಡೇ ಹಾಗಿದೆ. ಸರ್ವರ್ ಕಳಿಸಿದ್ದು ಏನು ಅಂತ ಬೇಕಿದ್ರೆ ವ್ಯೂ ಸೋರ್ಸ್ ತೆಗೀಬೇಕು. ಆಟೋಪಿಯನ್ನ 12ಕ್ಕೆ ತಳ್ಳೋ ಉಪಾಯ ಎಲ್ಲರೂ ಕಾಪಿ ಹೊಡೆದ್ರು, ಆಗ ಶಾರ್ಟ್‌ಕೋಡ್ ಉಗುಳಿದ ಫಾರ್ಮ್ ಒಳಗೆಲ್ಲ ಬಿಆರ್ ನುಗ್ಗಿತು!

ಆಟೋಪಿ ಬರೆಯೋರಿಗೆ ಅನುಕೂಲ ಆಗ್ಲಿ ಅಂತ ಮಾಡಿದ್ದು, ಅದು ಸರೀನೇ, ಆದ್ರೆ ಹಳೇ ಎಡಿಟರ್‌ನ ಟೆಕ್ಸ್ಟ್ ಟ್ಯಾಬಲ್ಲೂ ಆ ಪಿ ಕಾಣಿಸ್ತಿರ್ಲಿಲ್ಲ, ಕಾಣದೇ ಇರೋದನ್ನ ಸರಿ ಮಾಡೋದು ಹೇಗೆ ಹೇಳಿ.

2018ರ ಡಿಸೆಂಬರ್‌ನಲ್ಲಿ 5.0 ಜೊತೆ ಬ್ಲಾಕ್ ಎಡಿಟರ್ ಬಂತು, ಇದರಲ್ಲಿ ಪ್ರತಿ ಪ್ಯಾರಾ, ಚಿತ್ರ ಒಂದೊಂದು ಬೇರೆ ಬ್ಲಾಕ್. ಬ್ಲಾಕ್ ಇರೋ ಪೋಸ್ಟ್ ಪೂರ್ತಿಗೆ ಆಟೋಪಿ ಓಡೋದೇ ಇಲ್ಲ, ಹಳೇ ಪೋಸ್ಟ್‌ಗಳಿಗೆ ಇವತ್ತಿಗೂ ಓಡತ್ತೆ. ಆದ್ರೆ ಹೊಸ ಎಡಿಟರ್‌ನಲ್ಲೇ ಶಾರ್ಟ್‌ಕೋಡ್ ಬ್ಲಾಕ್ ಅಂತ ಒಂದಿದೆ, ಅದರಲ್ಲಿ ಹಾಕಿದ್ದು ಮಾತ್ರ ಮತ್ತೆ ಆಟೋಪಿ ಕೈಗೇ ಹೋಗತ್ತೆ.