ಅಜ್ಜಿಯ ಬತ್ತಿಯಿಂದ ಎರಡು ಲಕ್ಷ ಕದಿರಿನವರೆಗೆ

ಹಾಸನಾಂಬೆಯ ಬಾಗಿಲು ತೆಗೆಯುವ ದಿನ ಹತ್ತಿರ ಬಂದರೆ ನಮ್ಮಜ್ಜಿ ಬತ್ತಿ ಹೊಸೆಯಲು ಕೂರುತ್ತಾರೆ. ವರ್ಷಕ್ಕೊಮ್ಮೆ, ಕೆಲವೇ ದಿನ ತೆರೆಯುವ ಗುಡಿ ಅದು. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆಯುವವರೆಗೂ ಉರಿಯುತ್ತದೆ ಅನ್ನುವುದು ಊರಿನ ನಂಬಿಕೆ. ಅಜ್ಜಿ ಅರಳೆಯಿಂದ ಒಂದು ಚಿಟಿಕೆ ಕೀಳುತ್ತಾರೆ. ಬೀಜದ ಚೂರು ಸಿಕ್ಕರೆ ಉಗುರಲ್ಲಿ ಎತ್ತಿ ಬಿಸಾಡುತ್ತಾರೆ. ಬೆರಳಿಗೆ ಒಂಚೂರು ವಿಭೂತಿ ಮುಟ್ಟಿಸಿಕೊಂಡು, ಎಳೆಯುತ್ತಾ ಹೊಸೆಯುತ್ತಾರೆ.

ನೀವೂ ಒಂದ್ಸಲ ಮಾಡಿ ನೋಡಿ. ಅರಳೆಯನ್ನು ಸುಮ್ನೆ ಎಳೆದರೆ ಕಿತ್ತು ಕೈಗೆ ಬರುತ್ತದೆ. ನಾಲ್ಕು ಸುತ್ತು ಹೊಸೆದು ಎಳೆಯಿರಿ, ಅಷ್ಟು ಸುಲಭಕ್ಕೆ ಬರುವುದಿಲ್ಲ. ಹತ್ತಿಯ ಒಂದೊಂದು ಎಳೆಯೂ ಬೀಜದ ಸಿಪ್ಪೆಯಿಂದ ಹೊರಟ ಒಂದೇ ಒಂದು ಜೀವಕೋಶ. ಅದು ಸುಮಾರು ಮೂರು ವಾರ ಉದ್ದಕ್ಕೆ ಬೆಳೆಯುತ್ತದೆ. ಆಮೇಲೆ ಒಳಗೋಡೆಗೆ ಸೆಲ್ಯುಲೋಸ್ ಪದರ ಪದರವಾಗಿ ಕೂರುತ್ತದೆ. ಕಾಯಿ ಒಡೆದು ಬಿಸಿಲು ತಾಗಿದಾಗ ಎಳೆ ಒಣಗಿ, ಚಪ್ಪಟೆಯಾಗಿ, ರಿಬ್ಬನ್ನಿನ ಹಾಗೆ ತಾನೇ ನುಲಿದುಕೊಳ್ಳುತ್ತದೆ. ಹೀಗೆ ನುಲಿದ ಎಳೆಗಳನ್ನು ಒಟ್ಟಿಗೆ ಹೊಸೆದರೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಎಳೆದಷ್ಟೂ ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತವೆ. ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ಉದ್ದದ ಎಳೆಗಳಿಂದ ಮೈಲುಗಟ್ಟಲೆ ನೂಲು ಆಗುವುದು ಇದೊಂದು ಹಿಡಿತದಿಂದಲೇ.

ಎಳೆ ಮತ್ತು ಹೊಸೆ. ನೂಲುವುದು ಅಂದರೆ ಇಷ್ಟೇ. ಆದರೆ ಇದಕ್ಕೆ ಹಿಡಿಯುವ ಹೊತ್ತು ಕೇಳಿದರೆ ಗಾಬರಿಯಾಗುತ್ತದೆ. 100 ಪೌಂಡ್, ಅಂದರೆ ಸುಮಾರು 45 ಕೆ.ಜಿ. ಹತ್ತಿಯನ್ನು ನಮ್ಮ ದೇಶದವರು ಕೈಯಲ್ಲಿ ನಯವಾಗಿ ನೂಲಲು 50,000 ಗಂಟೆ ಬೇಕಿತ್ತು ಅಂತ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಕೆ.ಜಿ.ಗೆ 1,100 ಗಂಟೆ ಆಯಿತು. ದಿನಕ್ಕೆ 8 ಗಂಟೆ ಕೂತರೂ ನಾಲ್ಕೂವರೆ ತಿಂಗಳು! ಅಷ್ಟೂ ಹೊತ್ತು ಹೆಂಗಸರದ್ದು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಕಡೆ ಕಂಡದ್ದನ್ನು ಬರೆದಿಟ್ಟಿದ್ದಾನೆ: ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಯ ಹೆಂಗಸರು ವಾರದ ಸಂತೆಯಲ್ಲಿ ಅರಳೆ ಕೊಳ್ಳುತ್ತಿದ್ದರು, ಮನೆಯಲ್ಲಿ ನೂಲುತ್ತಿದ್ದರು, ನೂಲನ್ನು ನೇಯುವವರಿಗೆ ಮಾರುತ್ತಿದ್ದರು. ಅಂದರೆ ಆ ಹೆಂಗಸರ ಸೆರಗಿನ ತುದಿಯಲ್ಲಿ ಅವರದ್ದೇ ಅಂತ ನಾಲ್ಕು ಕಾಸು ಇರುತ್ತಿತ್ತು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆ ಕಾಸು.

ಈಗ ಇಂಗ್ಲೆಂಡಿಗೆ ಹೋಗೋಣ. ಅಲ್ಲಿ ಒಬ್ಬ ನೇಕಾರನ ಮಗ್ಗಕ್ಕೆ ನೂಲು ಒದಗಿಸಲು ನಾಲ್ಕೈದು ಜನ ನೂಲಬೇಕಿತ್ತು. 1733ರಲ್ಲಿ ಜಾನ್ ಕೇ ಎಂಬಾತ ಹಗ್ಗ ಜಗ್ಗಿದರೆ ತಾನೇ ಹಾರಿಹೋಗುವ ಲಾಳಿ (ಮಗ್ಗದಲ್ಲಿ ಅಡ್ಡ ನೂಲನ್ನು ಹೊತ್ತು ಓಡಾಡುವ ಸಾಧನ) ಮಾಡಿದ. ನೇಯ್ಗೆ ಚುರುಕಾಯಿತು, ನೂಲು ಸಾಲದಾಯಿತು. ಒಂದು ಕೈ ಬೇಗವಾದರೆ ಪಕ್ಕದ ಕೈ ಒದ್ದಾಡುತ್ತದೆ, ಅಲ್ವಾ? ಅಡುಗೆಮನೆಯಲ್ಲಿ ಒಬ್ಬರು ಚಪಾತಿ ಬೇಯಿಸುವುದು ಜೋರಾದರೆ ಲಟ್ಟಿಸುವವರ ಪಾಡು ಹೇಗಾಗುತ್ತದೋ ಹಾಗೆ. ಮುಂದಿನ ನೂರು ವರ್ಷ ಹತ್ತಿಯಲ್ಲಿ ನಡೆದದ್ದೆಲ್ಲ ಹೀಗೇ. ಒಂದು ಕಡೆ ಯಂತ್ರ ಬಂದಾಗಲೆಲ್ಲ ಅದರ ಭಾರ ಪಕ್ಕದಲ್ಲಿದ್ದವರ ಮೇಲೆ ಬಿತ್ತು.

1760ರ ದಶಕದಲ್ಲಿ ಜೇಮ್ಸ್ ಹಾರ್‌ಗ್ರೀವ್ಸ್ ಒಂದೇ ಚಕ್ರಕ್ಕೆ 8 ಕದಿರು, ಅಂದರೆ ತಿರುಗುತ್ತಾ ನೂಲು ಹೊಸೆದು ಸುತ್ತಿಕೊಳ್ಳುವ ಕಡ್ಡಿ, ಜೋಡಿಸಿದ. ಅದೇ ಸ್ಪಿನ್ನಿಂಗ್ ಜೆನ್ನಿ. ಹೊಟ್ಟೆಗೆ ಕಲ್ಲು ಬೀಳುತ್ತದೆ ಅಂತ ಹೆದರಿದ ಜನ ಅವನ ಯಂತ್ರಗಳನ್ನು ಒಡೆದು ಹಾಕಿದರು. ರಿಚರ್ಡ್ ಆರ್ಕ್‌ರೈಟ್‌ನದ್ದು ಬೇರೆಯೇ ದಾರಿ. ಅವನು ಮೊದಲು ಕ್ಷೌರದವನು, ಕೂದಲಿನ ಟೋಪನ್ ಮಾಡಿ ಮಾರುತ್ತಿದ್ದವನು. 1769ರಲ್ಲಿ ಅವನು ಪೇಟೆಂಟ್ ಪಡೆದ ಯಂತ್ರದಲ್ಲಿ ಕಬ್ಬಿನ ಗಾಣದ ಹಾಗೆ ಜೋಡಿ ಜೋಡಿ ರೋಲರ್. ಮೊದಲ ಜೋಡಿ ನಿಧಾನ, ಮುಂದಿನದು ಜೋರು, ಅದರ ಮುಂದಿನದು ಇನ್ನೂ ಜೋರು. ನಡುವೆ ಹತ್ತಿ ತಾನಾಗಿ ಎಳೆದುಕೊಂಡು ತೆಳ್ಳಗಾಗುತ್ತದೆ. ಅಜ್ಜಿಯ ಹೆಬ್ಬೆರಳು, ತೋರುಬೆರಳು ಮಾಡುವ ಕೆಲಸವೇ. ಆದರೆ ಬೆರಳಿಗೆ ಸುಸ್ತಾಗುತ್ತದೆ, ನೀರಿನ ಚಕ್ರಕ್ಕೆ ಆಗುವುದಿಲ್ಲ. 1771ರಲ್ಲಿ ಕ್ರಾಮ್‌ಫರ್ಡ್‌ನಲ್ಲಿ ಅವನ ಗಿರಣಿ ಶುರುವಾಯಿತು. ಬಲುಬೇಗ ಅದು ಹನ್ನೆರಡು ಗಂಟೆಯ ಪಾಳಿಗಳಲ್ಲಿ ಹಗಲೂ ರಾತ್ರಿ ಓಡತೊಡಗಿತು. ನೂಲು ಮನೆ ಬಿಟ್ಟು ಗಂಟೆ ಬಾರಿಸುವ ಕಟ್ಟಡಕ್ಕೆ ಹೋದದ್ದು ಹೀಗೆ.

1779ರ ಹೊತ್ತಿಗೆ ಸ್ಯಾಮ್ಯುಯೆಲ್ ಕ್ರಾಂಪ್ಟನ್ ಈ ಎರಡನ್ನೂ ಸೇರಿಸಿ ‘ಮ್ಯೂಲ್’ ಮಾಡಿದ. ಆ 50,000 ಗಂಟೆ 2,000ಕ್ಕೆ ಇಳಿಯಿತು. 1825ರ ಸುಮಾರಿಗೆ ತಾನೇ ಓಡುವ ಮ್ಯೂಲ್ ಬಂದು 135 ಗಂಟೆಯಾಯಿತು. ಅಂದರೆ ಕೆ.ಜಿ.ಗೆ ಮೂರೇ ಗಂಟೆ. ನಾಲ್ಕೂವರೆ ತಿಂಗಳ ಕೆಲಸ ಒಂದು ಬೆಳಿಗ್ಗೆಯಲ್ಲಿ ಮುಗಿಯುವಂತಾಯಿತು.

ಯಂತ್ರಕ್ಕೆ ಒಂದು ಕೆಲಸ ಮಾತ್ರ ಬರುತ್ತಿರಲಿಲ್ಲ. ಕಿತ್ತುಹೋದ ಎಳೆಯನ್ನು ಮತ್ತೆ ಸೇರಿಸುವುದು. ಅದಕ್ಕೆ ಸಣ್ಣ ಬೆರಳು ಬೇಕು. ಸಣ್ಣ ಬೆರಳು ಇರುವುದು ಮಕ್ಕಳಿಗೆ. ಓಡುವ ಮ್ಯೂಲಿನ ಪಕ್ಕದಲ್ಲೇ ಮಕ್ಕಳು ದಿನವಿಡೀ ನಡೆಯುತ್ತಾ ಎಳೆ ಸೇರಿಸುತ್ತಿದ್ದರು. ಇನ್ನೂ ಚಿಕ್ಕವರು ಅದರ ಅಡಿಗೆ ನುಸುಳಿ ಬಿದ್ದ ಅರಳೆ ಗುಡಿಸುತ್ತಿದ್ದರು. 9 ವರ್ಷಕ್ಕಿಂತ ಚಿಕ್ಕವರನ್ನು ಹತ್ತಿ ಗಿರಣಿಗೆ ಸೇರಿಸಿಕೊಳ್ಳಬಾರದು ಅಂತ 1819ರಲ್ಲಿ ಕಾನೂನು ಬಂತು, ಆದರೆ ಅದನ್ನು ನೋಡಲು ಇನ್‌ಸ್ಪೆಕ್ಟರುಗಳಿರಬೇಕು ಅಂತ ಕಾನೂನು ಬರಲು 1833 ಆಗಬೇಕಾಯಿತು.

ಗಿರಣಿಗಳ ಹಸಿವಿಗೆ ಹತ್ತಿ ಎಲ್ಲಿಂದ ತರುವುದು? ಅಮೆರಿಕದಲ್ಲಿ ಬೆಳೆಯುವ ಗಿಡ್ಡ ಎಳೆಯ ಹತ್ತಿ ಬೀಜಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಕೈಯಲ್ಲಿ ಬಿಡಿಸಿದರೆ ದಿನಕ್ಕೆ ಒಂದು ಪೌಂಡ್. 1793ರಲ್ಲಿ ಎಲಿ ವಿಟ್ನಿ ಮಾಡಿದ ಹಲ್ಲುಚಕ್ರದ ‘ಜಿನ್’ ಯಂತ್ರ ದಿನಕ್ಕೆ 50 ಪೌಂಡ್ ಬಿಡಿಸಿತು. ಬಿಡಿಸುವ ಕಷ್ಟ ಹೋಯಿತು, ಸರಿ. ಆದರೆ ಬಿತ್ತಿ, ಕಳೆ ತೆಗೆದು, ಹತ್ತಿ ಕೀಳುವುದಕ್ಕೆ ಯಂತ್ರ ಇರಲಿಲ್ಲ. ಹತ್ತಿಯಲ್ಲಿ ಲಾಭ ಕಂಡ ಹೊಲದೊಡೆಯರು ಇನ್ನಷ್ಟು ಜನರನ್ನು ಕೊಂಡು ತಂದರು. 1790ರಲ್ಲಿ ಆ ದೇಶದಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. 1860ಕ್ಕೆ ಸುಮಾರು 40 ಲಕ್ಷ. ಮನುಷ್ಯರ ಶ್ರಮ ಉಳಿಸುವ ಪುಟ್ಟ ಪೆಟ್ಟಿಗೆಯೊಂದು ಇಷ್ಟು ಜನರ ಸೆರೆಯನ್ನು ಗಟ್ಟಿ ಮಾಡಿತು ಅನ್ನುವುದನ್ನು ಎಷ್ಟು ಸಲ ಓದಿದರೂ ನನಗೆ ಅರಗುವುದಿಲ್ಲ.

ನಮ್ಮ ಕಡೆ ಏನಾಯಿತು ಅಂದರೆ, ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಗಿರಣಿಗಳಿಂದ ಅಗ್ಗದ ನೂಲು ಬಂತು. ನೇಯುವವರು ಅದನ್ನೇ ಕೊಂಡು ಹೇಗೋ ಉಳಿದುಕೊಂಡರು. ನೂಲುವವರಿಗೆ ಆ ದಾರಿಯೂ ಇರಲಿಲ್ಲ. ಮಗ್ಗದವರ ಕಷ್ಟವನ್ನು ನಾವು ಆಗಾಗ ಮಾತಾಡುತ್ತೇವೆ, ಮಾತಾಡಲೂ ಬೇಕು. ರಾಟೆ ಅಟ್ಟ ಸೇರಿದಾಗ ಸೆರಗಿನ ಕಾಸು ಕಳೆದುಕೊಂಡ ಹೆಂಗಸರನ್ನು ನೆನೆಯುವವರು ಕಡಿಮೆ.

ಈಗ ಅದೇ ಕದಿರು ಹಾಸನಕ್ಕೆ ಬಂದಿದೆ. ಊರಿನ ಅಂಚಿನ ಜವಳಿ ವಲಯದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಕದಿರಿನ ನೂಲಿನ ಗಿರಣಿಯಿದೆ. ಇಂದಿನ ಕದಿರು ನಿಮಿಷಕ್ಕೆ 15 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆದರೆ ಅದರ ಮೇಲೆ ಇರುವುದು ಆರ್ಕ್‌ರೈಟ್ ನೆಚ್ಚಿಕೊಂಡಿದ್ದ ಅದೇ ಜೋಡಿ ರೋಲರ್. ನಮ್ಮ ಬೀದಿಯ ಹುಡುಗಿಯೊಬ್ಬಳು ನೂಲಿನ ಗಿರಣಿಗೆ ಕೆಲಸಕ್ಕೆ ಹೋಗುತ್ತಾಳೆ. ಒಳಗೆ ಯಾವಾಗಲೂ ಸೆಕೆಯಂತೆ, ಗಾಳಿಗೆ ನೀರು ಚಿಮುಕಿಸುತ್ತಾರಂತೆ. ಗಾಳಿ ಒಣಗಿದರೆ ಎಳೆ ಪಟಪಟ ಕಿತ್ತುಕೊಳ್ಳುತ್ತದೆ, ಅದಕ್ಕೆ. ಹತ್ತಿಯ ದೂಳು ವರ್ಷಗಟ್ಟಲೆ ಎದೆಗೆ ಹೋದರೆ ಬಿಸಿನೋಸಿಸ್ ಅನ್ನುವ ಕಾಯಿಲೆ ಬರುತ್ತದೆ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಹಿಡಿದುಕೊಳ್ಳುವುದು ಅದರ ಗುರುತು. ಮೂಗಿಗೆ ಮಾಸ್ಕ್ ಹಾಕ್ಕೋ ಅಂತ ಅವಳಿಗೆ ಸಿಕ್ಕಾಗಲೆಲ್ಲ ಹೇಳುತ್ತೇನೆ.

ಮೊನ್ನೆ ಅವಳು ಬಂದಾಗ ಅಜ್ಜಿಯ ಬುಟ್ಟಿಯಿಂದ ಒಂದು ಬತ್ತಿ ತೆಗೆದು ನಡುವೆ ಕಿತ್ತಳು. ಎರಡೂ ತುದಿಯನ್ನು ಬೆರಳ ನಡುವೆ ಇಟ್ಟು ಚಿಟಿಕೆ ಹೊಡೆದ ಹಾಗೆ ಹೊಸೆದಳು. ಒಂದಾಯಿತು. ಎಲ್ಲಿ ಕಿತ್ತಿತ್ತು ಅಂತ ಹುಡುಕಿದರೂ ಸಿಗಲಿಲ್ಲ.

"ನಮ್ ಕೆಲ್ಸ ಇದೇ ಅಜ್ಜಿ. ಕಿತ್ಕೊಂಡಿರೋ ಕಡೆ ಓಡೋಗಿ ಸೇರ್ಸೋದು."

"ಎಷ್ಟು ಕದಿರು ನೋಡ್ಕೋತೀಯಮ್ಮ ನೀನು?"

"ಸಾವ್ರಕ್ಕೂ ಜಾಸ್ತಿ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀನು ಮನೆಗೆ ಬಂದ್ಮೇಲೆ?"

"ಮುಂದಿನ್ ಪಾಳಿಯವ್ರು ಬಂದಿರ್ತಾರೆ. ಅದು ನಿಲ್ಲಲ್ಲ ಅಜ್ಜಿ."